ಕೊಳವೆಯ ಮೇಲಿನ ಹಲ್ಲಿನ ಗುರುತು

ನಾನು ಒಂದು ಸ್ಟೆತಾಸ್ಕೋಪು. ಜನರ ಎದೆಯ ಮೇಲೆ ಕೂತು, ಒಳಗಿನ ಸುದ್ದಿಯನ್ನು ಡಾಕ್ಟರ ಕಿವಿಗೆ ಮುಟ್ಟಿಸುವುದು ನನ್ನ ಕಸುಬು. ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಕಿವಿಗೆ ಊದುವವರನ್ನು ಊರಿನಲ್ಲಿ ಯಾರೂ ಹತ್ತಿರ ಸೇರಿಸುವುದಿಲ್ಲ. ನನ್ನನ್ನು ಮಾತ್ರ ಕೊರಳಿಗೆ ಹಾರದ ಹಾಗೆ ಹಾಕಿಕೊಂಡು ತಿರುಗುತ್ತಾರೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ, ಇಲ್ಲವೆನ್ನುವುದಿಲ್ಲ.

ಉತ್ತರದ ಯಾವುದೋ ಊರಿನ ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಒಬ್ಬ ಹೆಂಗಸು ನನ್ನ ಎರಡು ಕಿವಿಕಡ್ಡಿಗಳನ್ನು ಬಗ್ಗಿಸಿದಳು. ಇನ್ನೊಬ್ಬಳು ರಬ್ಬರಿನ ಕೊಳವೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗೆ ಮಾಡಿ, ಆ ಕಡ್ಡಿಗಳಿಗೆ ತೊಡಿಸಿದಳು. ಮತ್ತೊಬ್ಬಳು ತುದಿಗೆ ದುಂಡನೆಯ ಬಿಲ್ಲೆಯನ್ನು ತಿರುಗಿಸಿ ಕೂರಿಸಿದಳು. ಮೇಸ್ತ್ರಿ ಬಂದು ಆ ಬಿಲ್ಲೆಯನ್ನು ತನ್ನ ಎದೆಗೇ ಇಟ್ಟು ಕೇಳಿ, ತಲೆಯಾಡಿಸಿ, ನನ್ನನ್ನು ಡಬ್ಬಿಗೆ ಹಾಕಿದ. ನೀನು ಏನಾಗುತ್ತೀಯೆಂದು ಯಾರೂ ನನ್ನನ್ನು ಕೇಳಲಿಲ್ಲ. ವಸ್ತುವಾಗಿ ಹುಟ್ಟಿದ್ದರ ಅನುಕೂಲವೇ ಅದು. ಕೆಲಸ ಮೊದಲು ಗೊತ್ತಾಗುತ್ತದೆ, ಹುಟ್ಟು ಆಮೇಲೆ. ಮನುಷ್ಯರ ಪಾಡು ಹಾಗಲ್ಲ ಎಂದು ಬ್ಯಾಡಗಿಗೆ ಬಂದ ಮೇಲೆ ನನಗೆ ತಿಳಿಯಿತು.

ಬ್ಯಾಡಗಿ ಎಂದರೆ ಗೊತ್ತಲ್ಲ, ಮೆಣಸಿನಕಾಯಿಯ ಊರು. ಬಸ್ಸಿನಿಂದ ಇಳಿದವರು ಊರಿನ ಹೆಸರು ಓದುವ ಮೊದಲೇ ಸೀನುತ್ತಾರೆ. ಅಲ್ಲಿನ ಪೇಟೆಯಲ್ಲಿ ಡಾಕ್ಟರ್ ಹಲಗೇರಿ ಎಂಬವರ ದವಾಖಾನೆ ಇತ್ತು. ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಕೊಂಡು ತಂದವರು ಅವರೇ. ಇಡೀ ದಿನ ಕೆಮ್ಮುವ ಎದೆಗಳ ಮೇಲೆ ಓಡಾಡಿ ಓಡಾಡಿ, ಊರಿನ ಅರ್ಧ ಜನರನ್ನು ನಾನು ಮುಖಕ್ಕಿಂತ ಮೊದಲು ಗುಂಡಿಗೆಯಿಂದಲೇ ಗುರುತಿಸುತ್ತಿದ್ದೆ.

ಫಲಿತಾಂಶದ ದಿನಗಳು ಬಂದರೆ ಸಾಕು, ಅಂಗಿ ಬಿಚ್ಚಿ ಕೂತ ರೋಗಿಗಳು ತಮ್ಮ ರೋಗ ಬಿಟ್ಟು ಮಕ್ಕಳ ಓದಿನ ಮಾತು ತೆಗೆಯುತ್ತಿದ್ದರು. ಹುಡುಗನನ್ನು ಏನು ಓದಿಸೋಣ, ನೀವು ಹೇಗೆ ಡಾಕ್ಟರಾದಿರಿ ಎಂದು ಕೇಳುತ್ತಿದ್ದರು. ಹಲಗೇರಿಯವರದು ಪ್ರತಿ ಸಲವೂ ಒಂದೇ ಉತ್ತರ.

"ನಾ ಏನ್ ದೊಡ್ಡ ವಿಚಾರ ಮಾಡಿ ಡಾಕ್ಟರ್ ಆಗ್ಲಿಲ್ರಿ. ಕಾಲೇಜಿನ ಆಫೀಸಿನ ಮುಂದ ಎರಡು ಸಾಲು ಇದ್ವು. ನನ್ನ ಗೆಳೆಯಾರು ಸೈನ್ಸಿನ ಸಾಲಿನಾಗ ನಿಂತಿದ್ರು, ನಾನೂ ಹೋಗಿ ನಿಂತೆ. ಆ ಸಾಲಿಗೆ ಗಿಡದ ನೆರಳಿತ್ತು, ಇನ್ನೊಂದಕ್ಕ ಬಿಸಲಿತ್ತು."

ಜನ ನಗುತ್ತಿದ್ದರು. ಅವರು ತಮಾಷೆ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು. ಆದರೂ ನೆರಳಿಗೆ ಹೋಗಿ ನಿಂತ ಆ ಮನುಷ್ಯ ಕೊನೆಗೆ ಒಳ್ಳೆಯ ಡಾಕ್ಟರೇ ಆದರು. ರೋಗಿ ಬಡವನಾದರೆ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಎದೆಗೆ ಇಡುತ್ತಿದ್ದರು, ಶ್ರೀಮಂತನಾದರೂ ಹಾಗೆಯೇ.

ಅವರ ಹತ್ತಿರ ತಪ್ಪದೆ ಬರುತ್ತಿದ್ದವರಲ್ಲಿ ನೀಲವ್ವ ಒಬ್ಬಳು. ಖಾರದ ಪುಡಿ ಕುಟ್ಟುವ ಗಿರಣಿ ಅವಳದು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ನಡೆಸಿದವಳು, ಗಂಡಾಳುಗಳೂ ಅವಳ ಮುಂದೆ ಬಾಲ ಮುದುರಿಕೊಂಡು ಇರುತ್ತಿದ್ದರು. ಆದರೆ ಅವಳ ಎದೆಗೆ ನನ್ನನ್ನು ಇಟ್ಟರೆ ಒಡಕು ಕೊಳಲು ಊದಿದಂಥ ಸದ್ದು. ಧೂಳಿನಿಂದ ದೂರ ಇರಿ ಎಂದು ಡಾಕ್ಟರು ಹೇಳಿದರೆ, "ಧೂಳು ಬಿಟ್ಟು ಹೊಟ್ಟಿಗೇನು ತಿನ್ನೂದ್ರಿ?" ಎಂದು ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು. ಆ ಸೆರಗಿನಿಂದ ಉದುರಿದ ಖಾರಕ್ಕೆ ಮುಂದಿನ ರೋಗಿ ಸೀನುತ್ತಿದ್ದ.

ಒಂದು ದಿನ ಅವಳ ಸೊಸೆ ಸುವರ್ಣಾ ತನ್ನ ಏಳು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಬಂದಳು. ಕೂಸು ಜೊಲ್ಲು ಸುರಿಸುತ್ತಿತ್ತು, ರಾತ್ರಿಯೆಲ್ಲ ಅಳುತ್ತಿತ್ತು, ಕೈಗೆ ಸಿಕ್ಕಿದ್ದನ್ನು ಕಚ್ಚುತ್ತಿತ್ತು. ಡಾಕ್ಟರು ಅದರ ವಸಡು ಮುಟ್ಟಿ ನೋಡಿ, ಹಲ್ಲು ಬರುತ್ತಿವೆ, ಕಡಿಯಲು ಏನಾದರೂ ಕೊಡಿ ಎಂದರು. ಅದೇ ವಾರ ನೀಲವ್ವ ಬಂದು ಒಂದು ಕೋರಿಕೆ ಮುಂದಿಟ್ಟಳು. ಮೊಮ್ಮಗಳು ದಾನೇಶ್ವರಿಗೆ ಮೊದಲ ಅನ್ನ ಉಣಿಸುವ ದಿನ ಗೊತ್ತಾಗಿತ್ತು. ಅವರ ಮನೆಯಲ್ಲಿ ಆ ದಿನ ಕೂಸಿನ ಮುಂದೆ ಒಂದು ತಾಟು ಇಡುವ ಪದ್ಧತಿ. ತಾಟಿನಲ್ಲಿ ಪೆನ್ನು, ಪುಸ್ತಕ, ಬಂಗಾರದ ಉಂಗುರ, ತಕ್ಕಡಿಯ ಬಟ್ಟು ಎಲ್ಲ ಇರುತ್ತವೆ. ಕೂಸು ಯಾವುದನ್ನು ಹಿಡಿಯುತ್ತದೋ ಮುಂದೆ ಅದರ ದಾರಿ ಹಿಡಿಯುತ್ತದೆ ಎಂದು ಅವರ ನಂಬಿಕೆ. ಆ ತಾಟಿಗೆ ನಾನೂ ಬೇಕಂತೆ.

ಡಾಕ್ಟರು ಆಗಷ್ಟೇ ಹೊಸ ಸ್ಟೆತಾಸ್ಕೋಪು ಕೊಂಡಿದ್ದರು. "ಇದನ್ನ ನೀವಾ ಇಟ್ಕೊಳ್ರಿ" ಎಂದು ನನ್ನನ್ನು ಕೊಟ್ಟುಬಿಟ್ಟರು. ಅಷ್ಟು ವರ್ಷ ದುಡಿಸಿಕೊಂಡು ಹೀಗೆ ಕೈತೊಳೆದುಕೊಂಡರಲ್ಲ ಎಂದು ನನಗೆ ಬೇಸರವಾಯಿತು.

ತಾಟಿನಲ್ಲಿ ನನಗೆ ಸಿಕ್ಕಿದ್ದು ಉಂಗುರದ ಪಕ್ಕದ ಜಾಗ. ಮನೆ ತುಂಬ ನೆಂಟರು. ಕೂಸನ್ನು ಕೂರಿಸಿದರು. ಅದು ಪುಸ್ತಕದ ಮೇಲೆ ಕೈಯೂರಿ, ಪೆನ್ನನ್ನು ಉರುಳಿಸಿ, ಉಂಗುರದ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಬಂದು ನನ್ನ ಕೊಳವೆಯನ್ನು ಹಿಡಿಯಿತು. ಹಿಡಿದದ್ದೇ ಬಾಯಿಗೆ ಹಾಕಿ ಕಟಕ್ಕನೆ ಕಚ್ಚಿತು. ಕೆಳಗಿನ ವಸಡಿನಲ್ಲಿ ಒಂದೇ ಒಂದು ಹಲ್ಲು ಅಕ್ಕಿಕಾಳಿನಷ್ಟು ಮೂಡಿತ್ತು. ಅದರ ಗುರುತು ನನ್ನ ರಬ್ಬರಿನಲ್ಲಿ ಕೂತುಬಿಟ್ಟಿತು.

"ನಮ್ಮ ದಾನವ್ವ ಡಾಕ್ಟರ್ ಆಗ್ತಾಳ" ಎಂದು ನೀಲವ್ವ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಹೋಳಿಗೆ ಬಡಿಸಿದರು. ಅಯ್ಯೋ ಮಹಾರಾಯರೇ, ಆ ಕೂಸಿಗೆ ವಸಡು ತುರಿಸುತ್ತಿತ್ತು, ತಾಟಿನಲ್ಲಿದ್ದವುಗಳಲ್ಲಿ ಮೆತ್ತಗಿದ್ದದ್ದು ನಾನೊಬ್ಬನೇ. ಇಷ್ಟೇ ಕಥೆ. ಆದರೆ ನನಗೆ ಇರುವುದು ಕಿವಿ, ಬಾಯಿ ಎಲ್ಲಿದೆ?

ಅಂದಿನಿಂದ ನನ್ನ ವಾಸ ದೇವರ ಜಗಲಿಯ ಮೇಲೆ. ದಿನಾ ಬೆಳಿಗ್ಗೆ ನೀಲವ್ವ ನನ್ನ ಬಿಲ್ಲೆಗೆ ವಿಭೂತಿ ಹಚ್ಚುತ್ತಿದ್ದಳು. ಗುಂಡಿಗೆಗಳನ್ನು ಕೇಳುತ್ತಿದ್ದವನಿಗೆ ಈಗ ಗಂಟೆಯ ಸದ್ದೊಂದೇ ಗತಿ. ಬಂದ ನೆಂಟರಿಗೆಲ್ಲ ನನ್ನನ್ನು ತೋರಿಸಿ ತಾಟಿನ ಕಥೆ ಹೇಳುವುದು, ಹೇಳುವಾಗ ಕೂಸು ನನ್ನನ್ನು ಕಚ್ಚಿದ್ದನ್ನು ಬಿಟ್ಟು ಎದೆಗೆ ಒತ್ತಿಕೊಂಡಿತು ಎನ್ನುವುದು, ಕೊನೆಗೆ ಕಿವಿಗೇ ಹಾಕಿಕೊಂಡಿತು ಎನ್ನುವುದು. ವರ್ಷ ಕಳೆದಂತೆ ಕಥೆ ಬೆಳೆಯಿತು. ಶಾಲೆಯಲ್ಲಿಯೂ ಹುಡುಗಿಗೆ "ಡಾಕ್ಟ್ರು" ಎಂದೇ ಹೆಸರು ಬಿತ್ತು.

ದಾನೇಶ್ವರಿ ಮೂರನೆಯ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಸ್ಟೂಲು ಹತ್ತಿ ನನ್ನನ್ನು ಜಗಲಿಯಿಂದ ಇಳಿಸಿದಳು. ಮೊದಲು ಬೆಕ್ಕಿನ ಹೊಟ್ಟೆ ಕೇಳಿದಳು, ಆಮೇಲೆ ನೀರಿನ ಹಂಡೆ, ಆಮೇಲೆ ಗೋಡೆ. ಗೋಡೆಯಾಚೆ ಗಿರಣಿ ಓಡುತ್ತಿತ್ತು. ಗೋಡೆಗೆ ಬಿಲ್ಲೆ ಇಟ್ಟು ಕೂತವಳು ಅಮ್ಮ ಊಟಕ್ಕೆ ಕರೆದರೂ ಏಳಲಿಲ್ಲ. ಮರುದಿನ ಸೀದಾ ಗಿರಣಿಗೇ ನನ್ನನ್ನು ಒಯ್ದಳು. ಅವಳ ಅಪ್ಪ ಮಹಾರುದ್ರಪ್ಪ ಮಾತು ಕಡಿಮೆಯ ಮನುಷ್ಯ. ಮಗಳ ಜಡೆ ಬೆಲ್ಟಿಗೆ ಸಿಗದ ಹಾಗೆ ಎತ್ತಿ ಕಟ್ಟಿ, ಯಂತ್ರದ ದಂಡ ತಿರುಗುವ ಬೇರಿಂಗಿನ ಗೂಡನ್ನು ಬೆರಳಿನಿಂದ ತೋರಿಸಿದ. ಅಲ್ಲಿ ನನ್ನನ್ನು ಇಟ್ಟಳು.

ಆಹಾ, ಎಷ್ಟು ವರ್ಷಗಳ ಮೇಲೆ ನನಗೊಂದು ಎದೆ ಸಿಕ್ಕಿತು. ದೊಡ್ಡ ಎದೆ, ಬಿಸಿ ಎದೆ, ಒಂದೇ ಲಯದಲ್ಲಿ ಗುಂಯ್ ಎನ್ನುತ್ತಿತ್ತು. ನನಗೆ ಆದ ಸಂತೋಷವನ್ನು ಹೇಳಲು ಬರುವುದಿಲ್ಲ. ಹುಡುಗಿಯ ಕಿವಿಯೂ ನನ್ನ ಕಡ್ಡಿಗಳಿಗೆ ಗಟ್ಟಿಯಾಗಿ ಅಂಟಿಕೊಂಡಿತು. ಅಂದಿನಿಂದ ನಾವಿಬ್ಬರೂ ಬೇಸಿಗೆ ರಜೆಯಲ್ಲೆಲ್ಲ ಗಿರಣಿಯಲ್ಲೇ. ಸಂಜೆ ಅವಳು ನನ್ನನ್ನು ಒರೆಸಿ ಜಗಲಿಯ ಮೇಲೆ ಇಡುತ್ತಿದ್ದಳು, ಬೆಳಿಗ್ಗೆ ನೀಲವ್ವ ವಿಭೂತಿ ಹಚ್ಚುವಾಗ, ಒರೆಸಿದರೂ ಉಳಿದ ಖಾರಕ್ಕೆ ಸೀನುತ್ತಿದ್ದಳು. ಮೊಮ್ಮಗಳು ಈಗಿನಿಂದಲೇ ಡಾಕ್ಟರಿಕೆ ಕಲಿಯುತ್ತಿದ್ದಾಳೆ ಎಂದು ಅವಳಿಗೆ ಹಿಗ್ಗೋ ಹಿಗ್ಗು.

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದವು. ಮುಂದೇನು ಎಂದು ಆ ಮನೆಯಲ್ಲಿ ಯಾರೂ ಮಾತೇ ಆಡಲಿಲ್ಲ. ಅದು ತಾಟಿನಲ್ಲೇ ಮುಗಿದುಹೋಗಿತ್ತಲ್ಲ. ಪಿಯುಸಿಗೆ ವಿಜ್ಞಾನ, ಆಮೇಲೆ ನೀಟ್ ಪರೀಕ್ಷೆ. ಮೊದಲ ಸಲ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಧಾರವಾಡದ ಕೋಚಿಂಗಿಗೆ ಕಳಿಸಿದರು. ದೇವರಂತೆ ಜೊತೆಗಿರಲಿ ಎಂದು ನೀಲವ್ವ ನನ್ನನ್ನೂ ಅವಳ ಟ್ರಂಕಿಗೆ ಹಾಕಿದಳು.

ಆ ಹಾಸ್ಟೆಲಿನಲ್ಲಿದ್ದ ಹುಡುಗಿಯರ ಎದೆಗಳನ್ನೂ ನಾನು ಕೇಳಿದ್ದೇನೆ. ತಮಾಷೆಗೆಂದು ಒಬ್ಬರ ಎದೆಗೊಬ್ಬರು ನನ್ನನ್ನು ಇಟ್ಟು ಆಡುತ್ತಿದ್ದರು. ಕೆಲವರಿಗೆ ನನ್ನನ್ನು ಮುಟ್ಟಿದರೇ ಗುಂಡಿಗೆ ಕುಣಿಯುತ್ತಿತ್ತು. ಅವರು ನಿಜವಾಗಿ ಡಾಕ್ಟರಾಗಬೇಕೆಂದು ಬಂದವರು. ದಾನೇಶ್ವರಿಯ ಎದೆ ಮಾತ್ರ ಬಾವಿಯಲ್ಲಿ ಕಲ್ಲು ಬಿದ್ದ ಹಾಗೆ ದಡ್ ಎಂದು ಸುಮ್ಮನಾಗುತ್ತಿತ್ತು. ಅದು ಚುರುಕಾಗಿದ್ದು ಒಂದೇ ಸಲ. ಹಾಸ್ಟೆಲಿನ ಇಡ್ಲಿ ಹಿಟ್ಟು ರುಬ್ಬುವ ಯಂತ್ರ ಕಿರುಗುಟ್ಟಿದಾಗ ನನ್ನನ್ನು ತಂದು ಅದಕ್ಕೆ ಇಟ್ಟು, ಇದರ ಬೇರಿಂಗ್ ಹೋಗುತ್ತಿದೆ ಎಂದು ಹೇಳಿದ ದಿನ. ಅಡುಗೆಯವರು ಅವಳ ಮಾತು ಕೇಳಲಿಲ್ಲ. ಮರುವಾರ ಯಂತ್ರ ನಿಂತು, ಎಲ್ಲರೂ ಮೂರು ಹೊತ್ತೂ ಉಪ್ಪಿಟ್ಟು ತಿಂದರು.

ಎರಡನೆಯ ಸಲವೂ ಅಂಕ ಸಾಲಲಿಲ್ಲ. ಮನೆಗೆ ಬಂದವಳು ಮೂರನೆಯ ದಿನ ಬಾಯಿಬಿಟ್ಟಳು. ತಾನು ಸಿಇಟಿ ಪರೀಕ್ಷೆಯನ್ನೂ ಬರೆದಿದ್ದೇನೆ, ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಗುತ್ತದೆ, ಬರುವ ಸೋಮವಾರದೊಳಗೆ ಒಪ್ಪಿಕೊಳ್ಳಬೇಕು ಎಂದಳು.

ನೀಲವ್ವ ಕೂತಲ್ಲಿಂದಲೇ ಹೇಳಿದಳು: "ಇನ್ನೊಂದು ವರ್ಷ ಕೂಡು. ಮೂರನೇ ಸಲಕ್ಕ ಆಗ್ತೈತಿ."

"ನನಗ ಅದು ಬ್ಯಾಡ ಅಜ್ಜಿ."

"ಬ್ಯಾಡ ಅಂದ್ರ? ನಾ ಏನ್ ಒತ್ತಾಯ ಮಾಡೇನೇನು? ನೀನಾ ಆರಿಸಿಕೊಂಡಿ. ಮಂದಿ ಎಲ್ಲಾ ನೋಡ್ಯಾರ."

"ನನಗ ಆಗ ಏಳು ತಿಂಗಳು."

ಟ್ರಂಕಿನಿಂದ ಮತ್ತೆ ಜಗಲಿಗೆ ಸೇರಿದ್ದ ನಾನು ಇದನ್ನೆಲ್ಲ ಕೇಳುತ್ತಿದ್ದೆ. ಮನಸ್ಸಿಗೆ ಬಹಳ ಸಂಕಟವಾಯಿತು. ನಾನು ಆ ಹುಡುಗಿಯ ಜೊತೆಗಾರನಾಗಿದ್ದೆ, ಅವಳ ಕಾಲಿಗೆ ಹಗ್ಗವೂ ನಾನೇ ಆಗಿದ್ದೆ. ಸೋಮವಾರ ದಾಟಿದರೆ ಸೀಟು ಬೇರೆಯವರ ಪಾಲು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮೊಮ್ಮಗಳಿಗೆ ಬುದ್ಧಿ ಹೇಳಿಸಬೇಕೆಂದು ನೀಲವ್ವ ಭಾನುವಾರ ಡಾಕ್ಟರ್ ಹಲಗೇರಿಯವರನ್ನೇ ಮನೆಗೆ ಕರೆಸಿದಳು. ವಯಸ್ಸಾಗಿ ದವಾಖಾನೆ ಮುಚ್ಚಿ ಮನೆಯಲ್ಲಿದ್ದ ಅವರು ಕೋಲು ಊರಿಕೊಂಡು ಬಂದರು. ಚಹಾ ಕುಡಿಯುತ್ತ ಜಗಲಿಯ ಕಡೆ ನೋಡಿದರು. ಹಳೆಯ ಗೆಳೆಯ ಸಿಕ್ಕ ಹಾಗೆ ಎದ್ದು ಬಂದು ನನ್ನನ್ನು ಎತ್ತಿಕೊಂಡರು. ಅಭ್ಯಾಸಬಲದಿಂದ ಕೊಳವೆಯ ಉದ್ದಕ್ಕೂ ಬೆರಳು ಆಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇದೇನು, ಇಲ್ಲಿ ಕಡಿದಂಗ ಐತಲ್ಲ?"

ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಎದುರು ಹೆಚ್ಚು ಮಾತಾಡಿದವಳಲ್ಲ. "ಅದು ದಾನೂ ಕಡಿದಿದ್ರಿ ಡಾಕ್ಟ್ರ. ತಾಟು ಇಟ್ಟ ದಿನ. ಆ ವಾರಾನಾ ನಾ ನಿಮ್ಮ ಕಡೆ ಕರ್ಕೊಂಡು ಬಂದಿದ್ದೆ, ಹಲ್ಲು ಬರಾಕತ್ತಿದ್ವು" ಎಂದಳು.

ಡಾಕ್ಟರು ನಗಲು ಶುರುಮಾಡಿದರು. "ನೀಲವ್ವಾರ, ಆವತ್ತು ತಾಟಿನಾಗ ಒಂದು ಗಜ್ಜರಿ ಇಟ್ಟಿದ್ರ ಕೂಸು ಅದನ್ನ ತಗೋತಿತ್ತು. ಹಂಗಾರ ಇಕೀನ ಕಾಯಿಪಲ್ಲೆ ಮಾರಾಕ ಕಳಸ್ತಿದ್ರೇನು?" ಎಂದರು.

ಅಂತೂ ಸತ್ಯ ಹೊರಬಿತ್ತಲ್ಲ ಎಂದು ನನಗೆ ಎಷ್ಟು ಹಗುರಾಯಿತೆಂದರೆ, ಅವರ ಕೈಯಿಂದ ಜಾರಿ ಬೀಳುವುದೊಂದು ಬಾಕಿ. ನೀಲವ್ವ ಮಾತ್ರ ನಗಲಿಲ್ಲ. ಆಮೇಲೆ ಅವಳು ಆಡಿದ ಮಾತು ತಾಟಿನದಲ್ಲ.

"ಈ ಖಾರದ ಧೂಳಿನಾಗ ನನ್ನ ಎದಿ ಹಾಳಾತು. ನನ್ನ ಮೊಮ್ಮಗಳು ಬಿಳಿ ಕೋಟು ಹಾಕ್ಕೊಂಡು ಸ್ವಚ್ಛ ಖೋಲಿಯಾಗ ಕೂಡಲಿ ಅಂತ ಆಸಿ ಪಟ್ಟೆ. ಅದೇನ್ ತಪ್ಪು?"

ಮಹಾರುದ್ರಪ್ಪ ಕೆಮ್ಮಿದ. ನೀಲವ್ವ ಮೊಣಕಾಲು ಹಿಡಿದು ಎದ್ದಳು.

"ಆತು. ಆವಾಗ ತಿಳುವಳಿಕಿ ಇರಲಿಲ್ಲ ಅಂತೀರಿ. ಈಗ ಐತಿ. ಮತ್ತ ತಾಟು ಇಡ್ತೀನಿ. ಏನ್ ತಗೋತಾಳೋ ಅದಾ ಆಗಲಿ. ಆಮ್ಯಾಲೆ ನಾ ಒಂದು ಮಾತು ಆಡಂಗಿಲ್ಲ, ಅಕೀನೂ ಆಡಬಾರದು."

ಅದೇ ತಾಟು ಬಂತು. ಪೆನ್ನು, ಪುಸ್ತಕ, ಉಂಗುರ, ಬಟ್ಟು, ನಾನು. ಮಹಾರುದ್ರಪ್ಪ ಮಾತಿಲ್ಲದೆ ಗಿರಣಿಗೆ ಹೋಗಿ, ಎಣ್ಣೆ ಹತ್ತಿದ ಒಂದು ಸ್ಪ್ಯಾನರ್ ತಂದು, ಒರೆಸಿ, ನನ್ನ ಪಕ್ಕಕ್ಕೆ ಇಟ್ಟ. ಆ ಮನುಷ್ಯ ತಾಯಿಯ ಎದುರು ಮಾಡಿದ ಮೊದಲ ಧೈರ್ಯದ ಕೆಲಸ ಅದೇ ಇರಬೇಕು. ಹತ್ತೊಂಬತ್ತರ ಹುಡುಗಿ ಕೂಸಿನ ಹಾಗೆ ಮಣೆಯ ಮೇಲೆ ಕೂತಳು. ಸ್ಪ್ಯಾನರ್ ತೆಗೆದುಕೋ ತಾಯಿ, ನನ್ನ ಗೊಡವೆ ಬೇಡ, ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ.

ಅವಳು ಕೈಚಾಚಿ ನನ್ನನ್ನೇ ಎತ್ತಿಕೊಂಡಳು.

ನೀಲವ್ವನ ಮುಖ ಅರಳಿತು. ಮಹಾರುದ್ರಪ್ಪನ ಮುಖ ಬಾಡಿತು. ಸುವರ್ಣಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹುಡುಗಿಗೇನು ತಲೆ ಕೆಟ್ಟಿತೇ ಎಂದು ನನಗೆ ಸಿಟ್ಟೇ ಬಂತು.

"ಬಾ ಅಜ್ಜಿ" ಎಂದು ದಾನೇಶ್ವರಿ ಮುದುಕಿಯ ಕೈ ಹಿಡಿದು ಗಿರಣಿಗೆ ನಡೆಸಿಕೊಂಡು ಹೋದಳು. ಉಳಿದವರೂ ಹಿಂದೆಯೇ ಬಂದರು. ಅಪ್ಪನಿಗೆ ಯಂತ್ರ ಚಾಲು ಮಾಡಲು ಹೇಳಿ, ನನ್ನ ಕಡ್ಡಿಗಳನ್ನು ಅಜ್ಜಿಯ ಕಿವಿಗೆ ಹಾಕಿ, ಬಿಲ್ಲೆಯನ್ನು ಎಡಗಡೆಯ ಬೇರಿಂಗಿನ ಗೂಡಿಗೆ ಇಟ್ಟಳು. ಗುಂಯ್ ಎಂದು ಸಮನಾದ ಸದ್ದು. ಆಮೇಲೆ ಬಲಗಡೆಗೆ ಇಟ್ಟಳು. ಅಲ್ಲಿ ಕರ್ ಕರ್ ಎಂದು ಹಲ್ಲು ಕಡಿದಂಥ ಸದ್ದು.

ಆ ಗಿರಣಿಯ ಜೊತೆ ಇಡೀ ಆಯುಷ್ಯ ಕಳೆದವಳು ನೀಲವ್ವ. ಆದರೆ ಅದರ ಎದೆಯನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಅಂದೇ. ಅವಳ ಹುಬ್ಬು ಮೇಲೇರಿತು. ನನ್ನ ಬಿಲ್ಲೆಯನ್ನು ಮೊಮ್ಮಗಳ ಕೈಯಿಂದ ತಾನೇ ಕಸಿದುಕೊಂಡು ಮತ್ತೊಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ಇಟ್ಟು ಕೇಳಿದಳು.

"ಈ ಬಾಜೂದ್ದು ಸತ್ತೈತಲ್ಲ."

"ಸತ್ತಿಲ್ಲ ಅಜ್ಜಿ, ಜಡ್ಡಾಗೇತಿ. ಇದು ಹಿಂಗ ಕರಕರ ಅಂದ್ರ ಯಂತ್ರ ನಡಗತೈತಿ. ನಡಗಿದ್ರ ಮುಚ್ಚಳ ಸಡ್ಲ ಆಗಿ ಧೂಳು ಹೊರಗ ಬರ್ತೈತಿ. ಆ ಧೂಳಾ ನಿನ್ನ ಎದಿಯಾಗ ಐತಿ. ಎದಿಗೆ ಔಷಧ ಕೊಡಾಕ ಡಾಕ್ಟ್ರು ಅದಾರ. ಇದಕ್ಕ ಔಷಧ ಕೊಡಾವ್ರು ಯಾರದಾರ, ಹೇಳು?"

ಹಲಗೇರಿಯವರು ಏನೋ ಹೇಳಲು ಹೋಗಿ ಸೀನಿದರು. ಒಂದಾದ ಮೇಲೊಂದು ಸೀನುತ್ತಲೇ ಇದ್ದರು. ನೀಲವ್ವ ಕಿವಿಯಿಂದ ನನ್ನನ್ನು ತೆಗೆಯಲಿಲ್ಲ.

"ಇದನ್ನ ಓದಾಕ ಬರ್ತೈತೇನು?"

"ಬರ್ತೈತಿ. ಅದನ್ನಾ ನಾ ಓದ್ತೀನಿ ಅಂದಿದ್ದು."

"ಅದ್ರಾಗ ಹೆಣ್ಣುಮಕ್ಕಳು ಇರ್ತಾರೇನು?"

"ಕಡಿಮಿ."

"ನಿಮ್ಮ ಅಜ್ಜ ಹೋದಮ್ಯಾಲೆ ಈ ಗಿರಣಿ ಯಾರು ನಡಿಸಿದ್ರು?"

"ನೀನು."

"ಮತ್ತ?" ಎಂದಳು ನೀಲವ್ವ. ಅಷ್ಟು ಹೇಳಿ ಕಿವಿಯಿಂದ ನನ್ನನ್ನು ತೆಗೆದು ಮೊಮ್ಮಗಳ ಕೊರಳಿಗೆ ಹಾಕಿದಳು. ಸೋಮವಾರ ಬೆಳಿಗ್ಗೆ ದಾವಣಗೆರೆಯ ಬಸ್ಸಿಗೆ ಅಪ್ಪ ಮಗಳ ಜೊತೆ ತಾನೂ ಹತ್ತಿದಳು.

ಆಮೇಲಿನ ವರ್ಷಗಳು ನನ್ನ ಪಾಲಿಗೆ ಸುಖದ ವರ್ಷಗಳು. ಕಾಲೇಜಿನ ವರ್ಕ್‌ಶಾಪಿನಲ್ಲಿ ದಾನೇಶ್ವರಿ ನನ್ನ ಬಿಲ್ಲೆ ಬಿಚ್ಚಿ, ಅದರ ಜಾಗಕ್ಕೆ ಒಂದು ಉಕ್ಕಿನ ಕಡ್ಡಿ ಸೇರಿಸಿದಳು. ಯಂತ್ರದ ಸಂದುಗೊಂದುಗಳಿಗೆಲ್ಲ ಅದು ಹೋಗುತ್ತಿತ್ತು. ಮೊದಮೊದಲು ಮೂಗು ಕೊಯ್ದ ಹಾಗಾಯಿತು ಎಂದು ನಾನು ಗೊಣಗಿದೆ, ಆಮೇಲೆ ಒಗ್ಗಿತು. ಅವಳ ಓದು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಗಣಿತದ ಒಂದು ಪೇಪರಿನಲ್ಲಿ ಫೇಲಾಗಿ ಅತ್ತದ್ದೂ ನನಗೆ ಗೊತ್ತು. ಆದರೆ ಆ ಅಳುವಿನಲ್ಲೂ ಅವಳ ಎದೆ ಬಾವಿಯ ಕಲ್ಲಿನಂತೆ ಸುಮ್ಮನಾಗುತ್ತಿರಲಿಲ್ಲ, ಕಣ್ಣೊರೆಸಿಕೊಂಡು ಮತ್ತೆ ಪುಸ್ತಕ ಹಿಡಿಯುತ್ತಿದ್ದಳು.

ಓದು ಮುಗಿದ ಮೇಲೆ ರಾಣೆಬೆನ್ನೂರಿನ ಯಂತ್ರದ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಬ್ಯಾಡಗಿಯಲ್ಲೇ ಸ್ವಂತ ವರ್ಕ್‌ಶಾಪು ತೆರೆದಳು. ಸುತ್ತಲಿನ ಗಿರಣಿಗಳ ಎದೆ ಕೇಳುವುದು, ಕರಕರ ಎನ್ನುವ ಬೇರಿಂಗು ಬದಲಿಸುವುದು, ಧೂಳು ಹೊರಬೀಳದಂಥ ಮುಚ್ಚಳ ಮಾಡಿ ಕೂರಿಸುವುದು ಅವಳ ಕೆಲಸ. ಮೊದಲ ಮುಚ್ಚಳ ತಮ್ಮ ಗಿರಣಿಗೇ ಹಾಕಿದಳು. ಅದು ಎರಡು ಸಲ ಕಿತ್ತುಹೋಗಿ ಮೂರನೆಯ ಸಲ ನಿಂತಿತು. ನೀಲವ್ವನ ಕೆಮ್ಮು ಪೂರ್ತಿ ಹೋಗಲಿಲ್ಲ. ಆದರೆ ಈಗ ನಿದ್ದೆಯಲ್ಲಿ ಕೆಮ್ಮುವುದಿಲ್ಲ. ಊರಿನವರು ಹುಡುಗಿಯನ್ನು ಇಂದಿಗೂ "ಡಾಕ್ಟ್ರು" ಎಂದೇ ಕರೆಯುತ್ತಾರೆ; ಯಂತ್ರ ಕೆಟ್ಟರೆ "ಡಾಕ್ಟ್ರಿಗೆ ಫೋನ್ ಹಚ್ಚು" ಎನ್ನುತ್ತಾರೆ.

ನನಗೂ ವಯಸ್ಸಾಯಿತು. ರಬ್ಬರು ಗಡುಸಾಗಿ ಸದ್ದು ಸರಿಯಾಗಿ ದಾಟುವುದಿಲ್ಲ. ದಾನೇಶ್ವರಿ ಹೊಸ ಉಪಕರಣ ತಂದುಕೊಂಡು, ನನಗೆ ಹಳೆಯ ಬಿಲ್ಲೆಯನ್ನೇ ತಿರುಗಿ ಹಾಕಿ, ಸೋಪಿನ ನೀರಿನಲ್ಲಿ ಖಾರವೆಲ್ಲ ಹೋಗುವಂತೆ ತೊಳೆದು, ಪಡಸಾಲೆಯ ಗೂಟಕ್ಕೆ ತೂಗುಹಾಕಿದಳು. ಜಗಲಿಗಿಂತ ಈ ಗೂಟ ನನಗೆ ಇಷ್ಟ. ವಿಭೂತಿಯ ಕಾಟ ಇಲ್ಲ, ಗಿರಣಿಯ ಸದ್ದು ಗೋಡೆಯ ಮೂಲಕ ಬೆನ್ನಿಗೆ ತಾಕುತ್ತದೆ.

ಹೋದ ತಿಂಗಳು ಈ ಮನೆಯಲ್ಲಿ ಮತ್ತೆ ಮೊದಲ ಅನ್ನದ ಹಬ್ಬ ನಡೆಯಿತು. ಈ ಸಲದ ಕೂಸು ದಾನೇಶ್ವರಿಯ ಮಗ. ನೆಂಟರು ತುಂಬಿದ್ದರು. ತಾಟು ಎಲ್ಲಿ ಎಂದು ಯಾರೋ ಕೇಳಿದರು. ಮುಪ್ಪಿನಿಂದ ಬಾಗಿದ ನೀಲವ್ವ ಕುರ್ಚಿಯಲ್ಲಿ ಕೂತೇ ಹೇಳಿದಳು: "ತಾಟು ಇಡ್ತೀವಿ. ಕೂಸಿಗೆ ಮೀಸಿ ಬರಲಿ, ಆಮ್ಯಾಲೆ. ಆವಾಗ ನಾ ಇರಂಗಿಲ್ಲ, ನೀವು ಇಡ್ರಿ."

ಅಷ್ಟರಲ್ಲಿ ಆದದ್ದು ಕೇಳಿ. ಬೆಳಿಗ್ಗೆ ಗೋಡೆಯ ಧೂಳು ಹೊಡೆಯುವಾಗ ಸುವರ್ಣಾ ನನ್ನನ್ನು ಗೂಟದಿಂದ ಇಳಿಸಿ ಚಾಪೆಯ ಮೂಲೆಯಲ್ಲಿ ಇಟ್ಟಿದ್ದಳು. ಮತ್ತೆ ತೂಗುಹಾಕಲು ಮರೆತಿದ್ದಳು. ಕೂಸು ಅಂಬೆಗಾಲಿಟ್ಟು ನೆಟ್ಟಗೆ ನನ್ನ ಹತ್ತಿರ ಬಂತು. ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡಿತು. ಅವನ ಅಮ್ಮನ ಹಲ್ಲಿನ ಗುರುತಿನ ಪಕ್ಕದಲ್ಲೇ ಕಚ್ಚಿತು.

"ನೋಡ್ರಿ, ಇವನಾದ್ರೂ ಡಾಕ್ಟರ್ ಆಗ್ತಾನ" ಎಂದು ನೆಂಟರೊಬ್ಬರು ಶುರುಮಾಡಿದರು.

ಮತ್ತೆ ಜಗಲಿಯೇ ಗತಿಯಾಯಿತೇ ಎಂದು ನಾನು ಹೆದರಿದೆ. ನೀಲವ್ವ ಕೂಸನ್ನು ಹತ್ತಿರ ತರಿಸಿಕೊಂಡಳು. ಅದರ ಬಾಯಿಗೆ ತನ್ನ ಬೆರಳು ಹಾಕಿ ವಸಡನ್ನು ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ತಾನೇ ಎತ್ತಿ ಅದರ ಕೈಗೆ ತಿರುಗಿ ಕೊಟ್ಟಳು.

"ಏನೂ ಆಗಂಗಿಲ್ಲ. ಹಲ್ಲು ಬರಾಕತ್ತಾವ, ಕಡೀಲಿ ಬಿಡ್ರಿ."